ಒಂದೇ ಸಿನಿಮಾ, ನಾಲ್ಕು ಪ್ರತಿ: ಹಳೆಯ ಸ್ಕೋಪ್ ಚಿತ್ರವನ್ನು ಮನೆಯಲ್ಲಿ ಯಾವುದರಲ್ಲಿ ನೋಡಬೇಕು?

ನಮ್ಮ ಮಾಮ ಬಳ್ಳಾರಿಯ ಒಂದು ಟಾಕೀಸಿನಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಆಪರೇಟರ್ ಆಗಿದ್ದರು. ಸ್ಕೋಪ್ ಸಿನಿಮಾ, ಅಂದರೆ ಮಾಮೂಲಿಗಿಂತ ತುಂಬಾ ಅಗಲದ ಸಿನಿಮಾ, ಬಂದ ದಿನ ಏನಾಗುತ್ತಿತ್ತು ಅಂತ ಅವರ ಬಾಯಲ್ಲೇ ಕೇಳಬೇಕು. ನ್ಯೂಸ್ ರೀಲು ಮುಗಿಯುತ್ತಿದ್ದಂತೆ ಮಾಮ ಲೆನ್ಸ್ ಬದಲಿಸುತ್ತಿದ್ದರು. ಫಿಲ್ಮಿನಲ್ಲಿ ಅಡ್ಡಕ್ಕೆ ಹಿಂಡಿದ ಚಿತ್ರವನ್ನು ಪರದೆಯಲ್ಲಿ ಅಗಲಕ್ಕೆ ಹಿಗ್ಗಿಸುವ ಲೆನ್ಸ್ ಅದು. ಪರದೆಯ ಎರಡೂ ಪಕ್ಕದ ಕಪ್ಪು ಬಟ್ಟೆ ಮೆಲ್ಲಗೆ ಸರಿಯುತ್ತಿತ್ತು. ಪರದೆ ಅಗಲ ಆಗ್ತಾ ಹೋದಂತೆ ನೆಲದ ಕ್ಲಾಸಿನವರು ಸಿಳ್ಳೆ ಹೊಡೆಯುತ್ತಿದ್ದರಂತೆ. ಸಿನಿಮಾ ಇನ್ನೂ ಶುರುವೇ ಆಗಿರುತ್ತಿರಲಿಲ್ಲ!

ಮನೆಯ ಟಿವಿಯಲ್ಲಿ ಇದು ಪೂರ್ತಿ ಉಲ್ಟಾ. ಸಿನಿಮಾ ಅಗಲ ಆದಷ್ಟೂ ಚಿತ್ರದ ಎತ್ತರ ಕಡಿಮೆ ಆಗುತ್ತದೆ. ನಮ್ಮ 43 ಇಂಚಿನ ಟಿವಿಯ ಗಾಜು ಸುಮಾರು 95 ಸೆಂಟಿಮೀಟರ್ ಅಗಲ, 53 ಸೆಂಟಿಮೀಟರ್ ಎತ್ತರ ಇದೆ. ಅದರಲ್ಲಿ ಸ್ಕೋಪ್ ಸಿನಿಮಾ ಹಾಕಿದರೆ ಚಿತ್ರಕ್ಕೆ ಸಿಗುವ ಎತ್ತರ 40 ಸೆಂಟಿಮೀಟರ್ ಮಾತ್ರ. ಮಿಕ್ಕಿದ್ದು ಮೇಲೆ ಕೆಳಗೆ ಕಪ್ಪು ಪಟ್ಟಿ. ಈ ಪಟ್ಟಿ ಕಂಡರೆ ನಮ್ಮ ಮನೆಯಲ್ಲಿ ಯಾರಿಗೂ ಆಗುವುದಿಲ್ಲ. "ಅರ್ಧ ಟಿವಿ ಖಾಲಿ ಐತಲ್ಲ" ಅಂತ ತಂಗಿ ರಿಮೋಟ್ ಎತ್ತಿಕೊಂಡು ಜೂಮ್ ಒತ್ತಿಬಿಡುತ್ತಾಳೆ. ಮಾಮ ಅಲ್ಲಿಂದಲೇ ಕೂಗುತ್ತಾರೆ: "ಏ, ಮಂದಿನ್ನ ಕಟ್ ಮಾಡಬ್ಯಾಡ!"

ಈ ಬೇಸಿಗೆಯಲ್ಲಿ ಸರಿಯಾಗಿ ಹೋಲಿಸಿಯೇ ನೋಡೋಣ ಅಂತ ಕೂತೆವು. ಹಗಲು ಬಿಸಿಲಿಗೆ ಹೊರಗೆ ಕಾಲಿಡುವ ಹಾಗಿರಲಿಲ್ಲ. ರಾತ್ರಿ ಉಗ್ಗಾಣಿ, ಮಿರ್ಚಿ ಮುಗಿಸಿ, ಹಾಲ್‌ನ ಲೈಟು ಆರಿಸಿ ಕೂರುತ್ತಿದ್ದೆವು. ಎರಡು ಸಿನಿಮಾ ಆರಿಸಿಕೊಂಡೆವು. ಒಂದು 1962ರ 'ಲಾರೆನ್ಸ್ ಆಫ್ ಅರೇಬಿಯಾ'. ಇನ್ನೊಂದು 1966ರ ಕೌಬಾಯ್ ಚಿತ್ರ 'ದಿ ಗುಡ್, ದ ಬ್ಯಾಡ್ ಅಂಡ್ ದಿ ಅಗ್ಲಿ'. ಸುಮ್ನೆ ಆರಿಸಿದ್ದಲ್ಲ. ಮೊದಲನೆಯದನ್ನು 65 ಎಂಎಂ ನೆಗೆಟಿವ್‌ನಲ್ಲಿ ತೆಗೆದು 70 ಎಂಎಂ ಪ್ರಿಂಟ್ ಹಾಕಿದ್ದರು. ಅದರ ಫ್ರೇಮು ದೊಡ್ಡದು, ವಿವರ ಧಾರಾಳ. ಎರಡನೆಯದು ಟೆಕ್ನಿಸ್ಕೋಪ್. ಸಾಮಾನ್ಯ 35 ಎಂಎಂ ಫಿಲ್ಮಿನಲ್ಲಿ ಒಂದು ಫ್ರೇಮಿಗೆ ಅಂಚಿನ ನಾಲ್ಕು ತೂತಿನಷ್ಟು ಜಾಗ ಬೇಕು. ಟೆಕ್ನಿಸ್ಕೋಪ್‌ನಲ್ಲಿ ಎರಡೇ ತೂತಿನ ಜಾಗದಲ್ಲಿ ಮುಗಿಸುತ್ತಿದ್ದರು. ಫಿಲ್ಮು ಅರ್ಧ ಉಳಿಯುತ್ತಿತ್ತು. ಆದರೆ ಅಷ್ಟು ಚಿಕ್ಕ ಫ್ರೇಮನ್ನು ದೊಡ್ಡ ಪರದೆಗೆ ಹಿಗ್ಗಿಸಿದಾಗ ಕಾಳು ಎದ್ದು ಕಾಣುತ್ತದೆ. ಗ್ರೇನ್‌ಗೆ ಮಾಮ ಕಾಳು ಅಂತಲೇ ಹೇಳುವುದು. ರವೆಯ ಕಾಳಿನ ಹಾಗೆ.

ಮೊದಲು ವಿಸಿಡಿ. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಚಿತ್ರ ಮೂಡುವ ಅಡ್ಡ ಗೆರೆಗಳು ಒಟ್ಟು 288. ಅದರಲ್ಲೂ ಕಪ್ಪು ಪಟ್ಟಿ ಕಳೆದರೆ ಸ್ಕೋಪ್ ಚಿತ್ರಕ್ಕೆ ಉಳಿಯುವುದು 160 ಚಿಲ್ಲರೆ ಗೆರೆ. ಮುಖ ಯಾವುದು, ಮರಳು ಯಾವುದು ಗೊತ್ತಾಗಲಿಲ್ಲ. ಹತ್ತು ನಿಮಿಷಕ್ಕೆ ತೆಗೆದಿಟ್ಟೆವು.

ಡಿವಿಡಿ ಹಾಕಿದಾಗ ಕಥೆ ಬೇರೆ. ಡಿವಿಡಿಯಲ್ಲೇ ಎರಡು ಜಾತಿ ಇವೆ, ಅದು ತುಂಬಾ ಜನಕ್ಕೆ ಗೊತ್ತಿಲ್ಲ. ಹಳೆಯ ಕಾಲದ ಡಿವಿಡಿಗಳನ್ನು ಚೌಕ ಟಿವಿಗೆ ಅಂತ ಮಾಡಿದ್ದರು. ಕಪ್ಪು ಪಟ್ಟಿಯೂ ಚಿತ್ರದ ಜೊತೆಗೇ ಅಚ್ಚಾಗಿರುತ್ತದೆ. ಅದನ್ನು ಈಗಿನ ಅಗಲ ಟಿವಿಗೆ ಹಾಕಿದರೆ ನಾಲ್ಕೂ ಕಡೆ ಕಪ್ಪು, ನಡುವೆ ಪಾಸ್‌ಪೋರ್ಟ್ ಫೋಟೋ ಅಂಟಿಸಿದ ಹಾಗೆ ಸಿನಿಮಾ. 576 ಗೆರೆಯಲ್ಲಿ ಚಿತ್ರಕ್ಕೆ ಸಿಗುವುದು ಸುಮಾರು 325. ಅಗಲ ಟಿವಿಗೆ ಅಂತಲೇ ಮಾಡಿದ ಡಿವಿಡಿಯಲ್ಲಾದರೆ 435ರ ತನಕ ಸಿಗುತ್ತದೆ. ಕವರಿನ ಹಿಂದೆ ಸಣ್ಣ ಅಕ್ಷರದಲ್ಲಿ 16:9 ಅಂತ ಇದೆಯಾ ನೋಡಿಕೊಳ್ಳಿ. ನನ್ನ ಕೌಬಾಯ್ ಡಿವಿಡಿಯಲ್ಲಿ ಅದಿರಲಿಲ್ಲ. ಲಾರೆನ್ಸ್ ಡಿವಿಡಿಯಲ್ಲಿತ್ತು.

ಡಿವಿಡಿಯಲ್ಲಿ ಇನ್ನೊಂದು ಸಂಗತಿಯನ್ನು ಮಾಮ ಕಿವಿಯಲ್ಲೇ ಹಿಡಿದರು. "ಹಾಡು ಜರಾ ಓಡಕತ್ತೈತಿ" ಅಂದರು. ಸರಿಯೇ. ಸಿನಿಮಾ ಸೆಕೆಂಡಿಗೆ 24 ಫ್ರೇಮ್. ನಮ್ಮ ಕಡೆಯ ಟಿವಿ ಪದ್ಧತಿಯ, ಅಂದರೆ ಪಾಲ್ ಡಿವಿಡಿಯಲ್ಲಿ ಅದನ್ನು 25ಕ್ಕೆ ಓಡಿಸುತ್ತಾರೆ. 227 ನಿಮಿಷದ ಲಾರೆನ್ಸ್ ಒಂಬತ್ತು ನಿಮಿಷ ಬೇಗ ಮುಗಿಯುತ್ತದೆ, ಸಂಗೀತದ ಶ್ರುತಿಯೂ ಚೂರು ಮೇಲೇರುತ್ತದೆ. ಬ್ಲೂರೇಯಲ್ಲಿ ಈ ತಾಪತ್ರಯ ಇಲ್ಲ, 24 ಅಂದರೆ 24.

ಇನ್ನು ಬ್ಲೂರೇ. ಲಾರೆನ್ಸ್‌ನಲ್ಲಿ ಬಾವಿಯ ದೃಶ್ಯ ಒಂದಿದೆ. ಮರುಭೂಮಿ, ಬಿಸಿಲ್ಗುದುರೆ. ದೂರದಲ್ಲಿ ಏನೋ ಅಲುಗಿದ ಹಾಗೆ. ಒಂಟೆ ಮೇಲೆ ಒಬ್ಬ ಬರುತ್ತಿದ್ದಾನೆ. ಅದಕ್ಕೆಂದೇ ತರಿಸಿದ ಉದ್ದ ಲೆನ್ಸಿನಲ್ಲಿ ತೆಗೆದ ಶಾಟ್ ಅದು. ವಿಸಿಡಿಯಲ್ಲಿ ಆ ಮನುಷ್ಯ ಅರ್ಧ ದಾರಿ ಬರುವ ತನಕ ನಮಗೆ ಕಾಣಲೇ ಇಲ್ಲ. ಡಿವಿಡಿಯಲ್ಲಿ ಕಂಡ, ಆದರೆ ಟಿವಿ ಗಾಜಿನ ಮೇಲೆ ಧೂಳು ಕೂತಿದೆಯೇನೋ ಅಂತ ನಾನು ಎದ್ದು ಹೋಗಿ ಬೆರಳಿನಿಂದ ಒರೆಸಿದೆ. ಬ್ಲೂರೇಯಲ್ಲಿ ಮಾಮ ಕುರ್ಚಿಯ ತುದಿಗೆ ಬಂದು, "ಬರಕತ್ತಾನ ನೋಡು" ಅಂದರು. ಕೂದಲೆಳೆಯಷ್ಟು ಕಪ್ಪು ಗೆರೆ. ಅದು ಬಿಸಿ ಗಾಳಿಯಲ್ಲಿ ಎರಡಾಗಿ ಒಡೆದು, ಮತ್ತೆ ಸೇರಿಕೊಳ್ಳುವುದು ಕೂಡ ಕಂಡಿತು. ಆ ಕಾಯುವಿಕೆಯೇ ದೃಶ್ಯದ ಜೀವ. ಆ ಚುಕ್ಕೆ ಕಾಣದಿದ್ದರೆ ಅಲ್ಲಿ ಖಾಲಿ ಮರಳು ಬಿಟ್ಟು ಏನೂ ಇಲ್ಲ.

ಹೀಗೆ ಕಾಣುವುದಕ್ಕೆ ಕಾರಣ ಡಿಸ್ಕ್ ಒಂದೇ ಅಲ್ಲ. 2012ರಲ್ಲಿ, ಸಿನಿಮಾದ ಐವತ್ತನೇ ವರ್ಷಕ್ಕೆ, ಮೂಲ ನೆಗೆಟಿವನ್ನೇ 8ಕೆಯಲ್ಲಿ (ಅಡ್ಡಕ್ಕೆ ಸುಮಾರು ಎಂಟು ಸಾವಿರ ಚುಕ್ಕೆ) ಸ್ಕ್ಯಾನ್ ಮಾಡಿ 4ಕೆಯಲ್ಲಿ ಸರಿಪಡಿಸಿದರು. ಮರುಭೂಮಿಯ ಶಾಖಕ್ಕೆ ನೆಗೆಟಿವ್‌ನ ಲೇಪದಲ್ಲಿ ಸಣ್ಣ ಸಣ್ಣ ಬಿರುಕು ಬಿಟ್ಟಿದ್ದವು. ಅವನ್ನು ಕಂಪ್ಯೂಟರ್‌ನಲ್ಲಿ ತುಂಬಿಸಿದರು. ಇದನ್ನು ಹೇಳಿದಾಗ ಮಾಮನಿಗೆ ಆಶ್ಚರ್ಯವೇ ಆಗಲಿಲ್ಲ. ಬಳ್ಳಾರಿಯ ಮೇ ತಿಂಗಳಲ್ಲಿ ಕ್ಯಾಬಿನ್ ಒಳಗೆ ಪ್ರಿಂಟ್ ಒಣಗಿ ಪಟ್ ಅಂತ ತುಂಡಾಗುವುದನ್ನು ಅವರು ನೋಡಿದವರು.

ಆದರೆ ಬ್ಲೂರೇ ಅಂದ ಮಾತ್ರಕ್ಕೆ ಎಲ್ಲವೂ ಚೆನ್ನ ಅಂತಲ್ಲ. ಕಾಳು ಕಂಡರೆ ಕೊಳೆ ಅಂದುಕೊಂಡು ಅದನ್ನು ಒರೆಸಿಹಾಕುವ ಚಟ ಒಂದಿತ್ತು. 2008ರಲ್ಲಿ ಬಂದ 'ಪ್ಯಾಟನ್' ಬ್ಲೂರೇ ಇದಕ್ಕೇ ಹೆಸರಾಯಿತು. ಅದೂ 65 ಎಂಎಂ ಚಿತ್ರವೇ, ಆದರೆ ಮುಖಗಳೆಲ್ಲ ಮೇಣದ ಗೊಂಬೆಯ ಹಾಗೆ. 2012ರಲ್ಲಿ ಅದನ್ನು ಮತ್ತೆ ಮಾಡಿ ತರಬೇಕಾಯಿತು. ಕೌಬಾಯ್ ಚಿತ್ರದ್ದು ಇನ್ನೊಂದು ಗೋಳು. 2014ರ ಪ್ರತಿಯಲ್ಲಿ ಆಕಾಶ, ಅಂಗಿ, ಹಲ್ಲು ಎಲ್ಲಕ್ಕೂ ಅರಿಶಿನ ಬಳಿದ ಹಾಗೆ ಹಳದಿ. ವಿವರ ಮಾತ್ರ ಚೆನ್ನಾಗಿದೆ. ಬೆವರು, ಗಡ್ಡದ ಒಂದೊಂದು ಕೂದಲು, ಮೂಗಿನ ಮೇಲಿನ ರಂಧ್ರ, ಎಲ್ಲ ಕಾಣುತ್ತದೆ. ಕಾಳೂ ಕಾಣುತ್ತದೆ, ಕಾಣಲಿ ಬಿಡಿ. ಅದೇ ಫಿಲ್ಮು. ಟಿವಿಯ ಸೆಟ್ಟಿಂಗ್‌ನಲ್ಲಿ ಬಣ್ಣವನ್ನು ಚೂರು 'ಕೂಲ್' ಕಡೆಗೆ ತಿರುಗಿಸಿ ಹಳದಿ ಕಡಿಮೆ ಮಾಡಿಕೊಂಡು ನೋಡಿದೆವು. ಪೂರ್ತಿ ಹೋಗಲಿಲ್ಲ.

ಹೊರದೇಶದಿಂದ ಡಿಸ್ಕ್ ತರಿಸುವವರು ಒಂದು ನೆನಪಿಡಿ. ಬ್ಲೂರೇಯಲ್ಲಿ ಎ, ಬಿ, ಸಿ ಅಂತ ಪ್ರದೇಶದ ಬೀಗ ಇರುತ್ತದೆ. ಭಾರತ ಸಿ, ಅಮೆರಿಕ ಎ. ನಾನು ನೋಡದೆ ಒಂದು ಎ ತರಿಸಿ, ಪ್ಲೇಯರ್ ಅದನ್ನು ಮುಟ್ಟದೆ, ದುಡ್ಡು ಹೋಯಿತು. 4ಕೆ ಡಿಸ್ಕಿಗೆ ಈ ಬೀಗ ಇಲ್ಲ.

ನಾಲ್ಕನೆಯದು ಸ್ಟ್ರೀಮಿಂಗ್. ಲಾರೆನ್ಸ್ ಬಾಡಿಗೆಗೆ ಸಿಕ್ಕಿತು, ಪೂರ್ತಿ ಅಗಲದಲ್ಲೇ ಇತ್ತು. ಹಗಲಿನ ದೃಶ್ಯಗಳಲ್ಲಿ ಡಿಸ್ಕಿಗೂ ಇದಕ್ಕೂ ತಂಗಿಗೆ ವ್ಯತ್ಯಾಸ ಕಾಣಲಿಲ್ಲ. ನನಗೆ ಕಂಡಿದ್ದು ಗಾಳಿಗೆ ಮರಳು ಹಾರುವಾಗ. ಡಿಸ್ಕಿನಲ್ಲಿ ಅದು ಮರಳು. ಸ್ಟ್ರೀಮಿಂಗ್‌ನಲ್ಲಿ ಹಿಟ್ಟು ಕಲಸಿದ ಹಾಗೆ ಮುದ್ದೆ. ರಾತ್ರಿಯ ಆಕಾಶದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ. ಲೆಕ್ಕ ನೋಡಿದರೆ ಅರ್ಥ ಆಗುತ್ತೆ. ಬ್ಲೂರೇಯಲ್ಲಿ ಚಿತ್ರಕ್ಕೆ ಸೆಕೆಂಡಿಗೆ 40 ಮೆಗಾಬಿಟ್ ತನಕ ಜಾಗ ಇದೆ. ಎಚ್‌ಡಿ ಸ್ಟ್ರೀಮಿಂಗ್ ಸಾಮಾನ್ಯವಾಗಿ 5ರ ಆಸುಪಾಸಿನಲ್ಲಿ ಓಡುತ್ತದೆ. ಸಾಯಂಕಾಲ ಓಣಿಯ ಮಂದಿಯೆಲ್ಲ ಮೊಬೈಲ್ ಹಿಡಿದು ಕೂತಾಗ ಅದೂ ಇಳಿಯುತ್ತದೆ. ಆದರೂ ಅಗಲ ಕಾಪಾಡಿದ ಸ್ಟ್ರೀಮಿಂಗ್ ಪ್ರತಿಯನ್ನು ನಾನು ಹಳೆಯ ಡಿವಿಡಿಗಿಂತ ಮೇಲೆ ಇಡುತ್ತೇನೆ. ಬ್ಲೂರೇ ಕೊಳ್ಳಲು ಆಗದವರು ಧೈರ್ಯವಾಗಿ ಅದನ್ನೇ ನೋಡಿ.

ನನಗೆ ನಿಜವಾಗಿ ಸಿಟ್ಟು ಬಂದಿದ್ದು ಕೌಬಾಯ್ ಚಿತ್ರವನ್ನು ಒಂದು ಚಾನೆಲ್‌ನಲ್ಲಿ ನೋಡಿದಾಗ. ಎಚ್‌ಡಿ ಅಂತ ಮೂಲೆಯಲ್ಲಿ ಗುರುತಿತ್ತು, ಗೆರೆಯೂ ಚೊಕ್ಕಟ. ಆದರೆ ಟಿವಿ ತುಂಬಲಿ ಅಂತ ಎರಡೂ ಅಂಚು ಕತ್ತರಿಸಿದ್ದರು. ಎತ್ತರದ 2.35 ಪಟ್ಟು ಅಗಲದ ಚಿತ್ರವನ್ನು 16:9ಕ್ಕೆ ಕತ್ತರಿಸಿದರೆ ಹೆಚ್ಚುಕಡಿಮೆ ಕಾಲು ಭಾಗ ಹೋಗುತ್ತದೆ. ಚೌಕಕ್ಕೆ ಕತ್ತರಿಸಿದರೆ 43 ಶೇಕಡಾ. ಹೀಗಾಗಿ ನನ್ನ ತೀರ್ಮಾನ ಒಂದೇ: ಮೊದಲು ಅಗಲ ನೋಡಿ, ಆಮೇಲೆ ಗೆರೆ ಎಣಿಸಿ. ಪಾಸ್‌ಪೋರ್ಟ್ ಫೋಟೋ ಥರ ಕಂಡ ಆ ಹಳೆಯ ಡಿವಿಡಿಯೇ ಈ ಎಚ್‌ಡಿಗಿಂತ ಎಷ್ಟೋ ಮೇಲು. ಅದರಲ್ಲಿ ಎಲ್ಲರೂ ಇದ್ದರು.

ಕನ್ನಡದ ಸ್ಕೋಪ್ ಸಿನಿಮಾಗಳ ವಿಷಯಕ್ಕೆ ಬಂದರೆ ಹೊಟ್ಟೆ ಉರಿಯುತ್ತದೆ. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ, 1959ರ 'ಕಾಗಜ್ ಕೆ ಫೂಲ್'ಗೆ ಕ್ಯಾಮೆರಾ ಹಿಡಿದವರು ಮೈಸೂರಿನ ವಿ.ಕೆ. ಮೂರ್ತಿ. ಕನ್ನಡಕ್ಕೆ ಸ್ಕೋಪ್ ಬಂದಿದ್ದು 1977ರಲ್ಲಿ, 'ಸೊಸೆ ತಂದ ಸೌಭಾಗ್ಯ'ದಿಂದ. ಆಮೇಲೆ ಬಂದ ಸ್ಕೋಪ್ ಚಿತ್ರಗಳಲ್ಲಿ ನಾನು ಹುಡುಕಿದ ಎಷ್ಟೋ ಚಿತ್ರಗಳು ಆನ್‌ಲೈನ್‌ನಲ್ಲಿ ಸಿಕ್ಕಿದ್ದು ಚೌಕಾಕಾರದಲ್ಲೇ. ಟಿವಿಗೆ ಅಂತ ಎಂದೋ ಕತ್ತರಿಸಿದ ಟೇಪನ್ನೇ ಹಿಗ್ಗಿಸಿ ಎಚ್‌ಡಿ ಅಂತ ಬರೆದಿರುತ್ತಾರೆ.

ಕೊನೆಯ ರಾತ್ರಿ ಮಾಮ ಒಳಗಿನಿಂದ ಒಂದು ತಗಡಿನ ಡಬ್ಬಿ ತಂದರು. ಪ್ರಿಂಟ್ ಹರಿದಾಗ ಕತ್ತರಿಸಿ ಬಿಸಾಡುತ್ತಿದ್ದ ಫಿಲ್ಮಿನ ತುಂಡುಗಳು. ಒಂದನ್ನು ಟ್ಯೂಬ್‌ಲೈಟಿಗೆ ಹಿಡಿದರು. ಬಣ್ಣ ಮಾಸಿ ಪೂರ್ತಿ ಗುಲಾಬಿಗೆ ತಿರುಗಿದೆ. ಸ್ಕೋಪ್ ಆದ್ದರಿಂದ ಅಡ್ಡಕ್ಕೆ ಅರ್ಧಕ್ಕೆ ಹಿಂಡಿದ ಚಿತ್ರ, ಮುಖಗಳು ಸೋರೆಕಾಯಿ ಥರ ಉದ್ದ. ಎಂಬತ್ತರ ದಶಕದ ಒಂದು ಸಂಸಾರದ ಸಿನಿಮಾ. ನಾನು ಫೋನಿನಲ್ಲಿ ಅದೇ ದೃಶ್ಯ ಹುಡುಕಿ, ನಿಲ್ಲಿಸಿ, ಫಿಲ್ಮಿನ ಪಕ್ಕ ಹಿಡಿದೆ. ಫೋನಿನಲ್ಲಿ ಅಳುತ್ತಿರುವ ಮಗಳು ಒಬ್ಬಳೇ ಇದ್ದಳು. ಅವಳ ಹೆಗಲ ಹತ್ತಿರ ಯಾರದ್ದೋ ನಾಲ್ಕು ಬೆರಳು. ಫಿಲ್ಮಿನ ತುಂಡಿನಲ್ಲಿ ಎಡಕ್ಕೆ ಅವಳ ಹೆಗಲ ಮೇಲೆ ಕೈಯಿಟ್ಟ ತಾಯಿ, ಬಲಕ್ಕೆ ಬಾಗಿಲ ಹತ್ತಿರ ಮುಖ ತಿರುಗಿಸಿ ನಿಂತ ತಂದೆ.

ಮಾಮ ಆ ತುಂಡನ್ನು ಹಳೆಯ ಕ್ಯಾಲೆಂಡರ್ ಹಾಳೆಯಲ್ಲಿ ಸುತ್ತಿ, ವಾಪಸ್ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು.