ಮಾರುತಿ 800ರ ಸ್ಟೀರಿಂಗ್ ಪ್ಲೇ: ರೀಕಂಡಿಶನ್ ರ‍್ಯಾಕ್ ಬೇಕೋ, ಟೈ ರಾಡ್ ಎಂಡ್ ಸಾಕೋ?

ಮಾರುತಿ 800ರ ತಯಾರಿಕೆ 2014ರಲ್ಲೇ ನಿಂತಿತು. ಈಗ ಓಡುತ್ತಿರುವ ಗಾಡಿಗಳೆಲ್ಲ ಹಳೆಯವೇ, ಸ್ಟೀರಿಂಗ್ ಸಡಿಲವಾಗಿದೆ ಅನ್ನುವುದು ಅವುಗಳ ಮಾಮೂಲಿ ದೂರು. ಗ್ಯಾರೇಜಿಗೆ ಒಯ್ದರೆ ಬಹಳ ಕಡೆ ಮೊದಲ ಮಾತೇ "ರ‍್ಯಾಕ್ ಹೋಗಿದೆ ಸಾರ್, ರೀಕಂಡಿಶನ್ ಹಾಕಿಬಿಡೋಣ" ಎಂದು. ರ‍್ಯಾಕ್ ಎಂದರೆ ಸ್ಟೀರಿಂಗ್ ತಿರುಗಿದಂತೆ ಎಡಬಲ ಸರಿದು ಮುಂದಿನ ಚಕ್ರ ತಿರುಗಿಸುವ ಹಲ್ಲಿನ ಸರಳು; ರೀಕಂಡಿಶನ್ ಎಂದರೆ ಹಳೆಯದನ್ನೇ ರಿಪೇರಿ ಮಾಡಿ ಮಾರುವ ಮಾಲು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಸ್ಪೇರ್ಸ್ ಪೇಟೆಗಳಲ್ಲಿ ಈ ದೂರಿಗೆ ಮೂರು ಬಗೆಯ ಮಾಲು ಸಿಗುತ್ತದೆ: ರೀಕಂಡಿಶನ್ ರ‍್ಯಾಕ್, ಹೊಸ ಟೈ ರಾಡ್ ಎಂಡ್ (ರ‍್ಯಾಕಿನಿಂದ ಚಕ್ರಕ್ಕೆ ಹೋಗುವ ಸರಳಿನ ಹೊರ ತುದಿಯ ಕೀಲು) ಜೋಡಿ, ರ‍್ಯಾಕ್ ಮೌಂಟಿಂಗ್ ಬುಷ್ (ರ‍್ಯಾಕನ್ನು ಗಾಡಿಗೆ ಕೂರಿಸುವ ರಬ್ಬರ್). ಕೊಟ್ಟ ದುಡ್ಡಿಗೆ ಮೋಸವಿಲ್ಲದವು ಕೊನೆಯ ಎರಡೇ.

ಖರೀದಿಗೆ ಮುಂಚೆ ದೂರು ಯಾವುದೆಂದು ಗೊತ್ತಾಗಬೇಕು. ಸ್ಟೀರಿಂಗ್ ತಿರುಗಿದರೂ ಟೈರ್ ತಿರುಗದಿದ್ದರೆ ಅದು ಪ್ಲೇ. ಸ್ಟೀರಿಂಗ್ ಬಿಗಿಯಾಗಿಯೇ ಇದ್ದು ಗಾಡಿ ಮಾತ್ರ ಅತ್ತಿತ್ತ ಹೊಯ್ದಾಡಿದರೆ ಟೈರ್ ಗಾಳಿ, ಸವೆದ ಟೈರ್, ಟೋ ಅಳತೆ (ಮುಂದಿನ ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿದೆ ಎಂಬುದು) ಅಥವಾ ಲೋಯರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು) ಮತ್ತು ಸ್ಟೆಬಿಲೈಜರ್ ಬಾರ್ ಬುಷ್ ಕಡೆ ನೋಡಬೇಕು. ಬ್ರೇಕ್ ಒತ್ತಿದಾಗ ಒಂದು ಬದಿಗೆ ಎಳೆದು, ಬ್ರೇಕ್ ಎರಡೂ ಕಡೆ ಸಮನಾಗಿ ಹಿಡಿಯುತ್ತಿದ್ದರೆ ಆ ಬುಷ್‌ಗಳ ಮೇಲೆ ಅನುಮಾನ ಪಡಬಹುದು. ಇಂಥ ಗಾಡಿಗೆ ಹೊಸ ರ‍್ಯಾಕ್ ಹಾಕಿದರೂ ನಯಾಪೈಸೆ ಉಪಯೋಗವಿಲ್ಲ.

ಪ್ಲೇ ಅಳೆಯುವುದು ಸುಲಭ. ಚಕ್ರ ನೇರ ಮಾಡಿ, ಗಾಡಿ ನೆಲದ ಮೇಲೇ ಇರಲಿ. ಸ್ಟೀರಿಂಗ್ ಚಕ್ರದ ಅಂಚಿಗೆ ಒಂದು ಚೂರು ಟೇಪ್ ಅಂಟಿಸಿ, ಎರಡೇ ಬೆರಳಲ್ಲಿ ಎಡಕ್ಕೆ ಬಲಕ್ಕೆ ಆಡಿಸಿ. ಮುಂದಿನ ಟೈರ್ ಅಲುಗುವ ಮೊದಲು ಟೇಪ್ ಒಟ್ಟು ಎಷ್ಟು ಸರಿಯುತ್ತದೆ ಎಂಬುದು ಲೆಕ್ಕ. 30 ಮಿ.ಮೀ. ಒಳಗಿದ್ದರೆ ಚಿಂತೆಯಿಲ್ಲ.

ಜಾಸ್ತಿ ಇದ್ದರೆ ಒಬ್ಬರು ಸ್ಟೀರಿಂಗ್ ಅಲ್ಲಾಡಿಸುತ್ತಿರಲಿ, ಇನ್ನೊಬ್ಬರು ಮೇಲಿನಿಂದ ಕೆಳಕ್ಕೆ ಒಂದೊಂದೇ ಜಾಯಿಂಟ್ ಮೇಲೆ ಕೈ ಇಡುತ್ತ ಬರಲಿ. ಕಾಲಮ್ ಜಾಯಿಂಟಿನ (ಸ್ಟೀರಿಂಗ್ ಕೋಲನ್ನು ರ‍್ಯಾಕಿಗೆ ಸೇರಿಸುವ ಕೀಲು) ಮೇಲ್ತುದಿ ತಿರುಗಿ ಕೆಳತುದಿ ತಡವಾಗಿ ತಿರುಗಿದರೆ ದೋಷ ಅಲ್ಲೇ. ಕೆಲವೊಮ್ಮೆ ಅದರ ಕ್ಲ್ಯಾಂಪ್ ಬೋಲ್ಟ್ ಬಿಗಿ ಮಾಡಿದರೆ ಕೆಲಸ ಮುಗಿಯಿತು. ರ‍್ಯಾಕಿನ ಹೊರಕವಚವೇ ಎಡಬಲ ಜಾರುತ್ತಿದ್ದರೆ ಮೌಂಟಿಂಗ್ ಬುಷ್ ಸವೆದಿದೆ. ಇದನ್ನು ಎಷ್ಟೋ ಮೆಕ್ಯಾನಿಕ್‌ಗಳು ನೋಡುವುದೇ ಇಲ್ಲ. ರ‍್ಯಾಕಿನ ತುದಿ ಮುಚ್ಚಿರುವ ರಬ್ಬರ್ ಬೂಟನ್ನು ಹಿಂಡಿ ಹಿಡಿದಾಗ ಒಳಗೆ 'ಟಕ್' ಎಂದು ಬಡಿದರೆ ಒಳಗಿನ ರ‍್ಯಾಕ್ ಎಂಡ್. ಹೊರ ತುದಿಯಲ್ಲಿ ಬಡಿದರೆ ಟೈ ರಾಡ್ ಎಂಡ್. ಆಮೇಲೆ ಜಾಕಿ ಮೇಲೆ ಎತ್ತಿ, ಟೈರನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಆಡಿದರೆ, ಬ್ರೇಕ್ ಒತ್ತಿಸಿ ಮತ್ತೆ ನೋಡಿ: ಆಟ ನಿಂತರೆ ವೀಲ್ ಬೇರಿಂಗ್, ನಿಲ್ಲದಿದ್ದರೆ ಲೋಯರ್ ಬಾಲ್ ಜಾಯಿಂಟ್.

ರೀಕಂಡಿಶನ್ ರ‍್ಯಾಕಿಗೆ ಐದಕ್ಕೆ ಒಂದೂವರೆ ಅಂಕ ಕೊಡಬಹುದು. ಗಾಡಿ ಬಹುಪಾಲು ನೇರವಾಗೇ ಓಡುವುದರಿಂದ ರ‍್ಯಾಕಿನ ಹಲ್ಲು ಮಧ್ಯದಲ್ಲಿ ಹೆಚ್ಚು ಸವೆಯುತ್ತದೆ, ತುದಿಗಳಲ್ಲಿ ಹೊಸದರಂತೆಯೇ ಉಳಿದಿರುತ್ತದೆ. ರೀಕಂಡಿಶನ್ ಹೆಸರಲ್ಲಿ ಮಾರುವ ಎಷ್ಟೋ ರ‍್ಯಾಕುಗಳಲ್ಲಿ ಆಗಿರುವುದು ಇಷ್ಟೇ: ತೊಳೆದು, ಗ್ರೀಸ್ ತುಂಬಿ, ಕಪ್ಪು ಬಣ್ಣ ಹೊಡೆದು, ಹಿಂಬದಿಯ ಅಡ್ಜಸ್ಟಿಂಗ್ ಸ್ಕ್ರೂ ಬಿಗಿದದ್ದು. ಅಂಗಡಿಯಲ್ಲಿ ಕೈಯಲ್ಲಿ ಹಿಡಿದರೆ ಪ್ಲೇ ಇಲ್ಲ, ಮನಸ್ಸಿಗೂ ಸಮಾಧಾನ. ಗಾಡಿಗೆ ಹಾಕಿದ ಮೇಲೆ ಮಧ್ಯದಲ್ಲಿ ಸರಿ, ಯು-ಟರ್ನ್ ಹೊಡೆದರೆ ಬಿಗಿ, ತಿರುವು ದಾಟಿದ ಮೇಲೆ ಸ್ಟೀರಿಂಗ್ ತಾನಾಗಿ ವಾಪಸ್ ಬರುವುದಿಲ್ಲ. ಪವರ್ ಸ್ಟೀರಿಂಗ್ ಇಲ್ಲದ ಗಾಡಿಯಲ್ಲಿ ಇದು ತೋಳಿಗೆ ಶಿಕ್ಷೆ. ಕೊಳ್ಳಲೇಬೇಕೆಂದರೆ ಪಿನಿಯನ್ ಅನ್ನು (ರ‍್ಯಾಕಿನ ಹಲ್ಲಿಗೆ ಕೂಡುವ ಗೇರ್) ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಕೈಯಲ್ಲೇ ತಿರುಗಿಸಿ ನೋಡಿ. ಎಲ್ಲೂ ಹಿಡಿಯಬಾರದು, ಎಲ್ಲೂ ಸಡಿಲ ಆಗಬಾರದು. ಹಾಗೆ ತಿರುಗಿಸಲು ಅಂಗಡಿಯವರು ಬಿಡದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಟೈ ರಾಡ್ ಎಂಡ್ ಜೋಡಿಗೆ ನಾಲ್ಕೂವರೆ. ಕಂಪನಿ ಪ್ಯಾಕಿನ ಮಾಲಿನಲ್ಲಿ ಬಾಲ್ ಪಿನ್ ಕೈಯಲ್ಲಿ ತಿರುಗಿಸಿದಾಗ ಬಿಗಿಯಾಗಿ, ಆದರೆ ನಯವಾಗಿ ತಿರುಗುತ್ತದೆ. ಡೂಪ್ಲಿಕೇಟ್ ಆದರೆ ಸಡಿಲ ಇರುತ್ತದೆ, ಇಲ್ಲವೇ ಎಡವಿ ಎಡವಿ ತಿರುಗುತ್ತದೆ. ಹೊಸ ಸ್ಪ್ಲಿಟ್ ಪಿನ್ (ನಟ್ ಬಿಚ್ಚದಂತೆ ತಡೆಯುವ ಸೀಳು ಕಡ್ಡಿ) ಸಿಕ್ಕಿದೆಯೇ, ಬಾಲ್ ಮುಚ್ಚುವ ರಬ್ಬರ್ ಬೂಟ್ ಸುತ್ತಲೂ ಸರಿಯಾಗಿ ಕೂತಿದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ. ಅರ್ಧ ಅಂಕ ಕಡಿಮೆಯಾದದ್ದು ಬೂಟಿನ ದೆಸೆಯಿಂದ. ಎಂಥ ಒಳ್ಳೆಯ ಮಾಲಾದರೂ ಬೂಟ್ ಹರಿದ ದಿನ ಅದರ ಆಯಸ್ಸು ಮುಗಿದಂತೆ, ಆಮೇಲೆ ಮಳೆನೀರು ಮರಳು ಸೇರಿ ಬಾಲನ್ನು ಅರೆದುಬಿಡುತ್ತವೆ.

ಹಾಕುವಾಗ ಹಳೆಯ ಎಂಡ್ ಬಿಚ್ಚುತ್ತ ಎಷ್ಟು ಸುತ್ತಿನಲ್ಲಿ ಹೊರಬಂತೆಂದು ಎಣಿಸಿ, ಹೊಸದನ್ನು ಅಷ್ಟೇ ಸುತ್ತು ಹಾಕಿ. ಎಂಡನ್ನು ಹಿಡಿಯುವ, ತಲೆಯಲ್ಲಿ ಗೀರುಗಳಿರುವ ಕ್ಯಾಸಲ್ ನಟ್‌ಗೆ ಸುಮಾರು 43 ನ್ಯೂಟನ್ ಮೀಟರ್ ಬಿಗಿ ಬೇಕು. ಸ್ಪ್ಲಿಟ್ ಪಿನ್ನಿನ ತೂತು ಸರಿಹೊಂದದಿದ್ದರೆ ಇನ್ನೂ ಸ್ವಲ್ಪ ಬಿಗಿ ಮಾಡಿ, ಸಡಿಲ ಮಾಡಬೇಡಿ. ಹಳೆಯ ಪಿನ್ನನ್ನೇ ಬಗ್ಗಿಸಿ ಹಾಕುವ ಉಳಿತಾಯ ಬೇಡ.

ರ‍್ಯಾಕ್ ಬುಷ್ಷಿಗೆ ನಾಲ್ಕು. ಅಗ್ಗದ ಮಾಲು, ಹಾಕಿದ ಕೂಡಲೇ ಫರಕು ಗೊತ್ತಾಗುತ್ತದೆ. ಮುಟ್ಟಿದರೆ ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗಿರುವ ರಬ್ಬರ್ ಮಾತ್ರ ಬೇಡ, ರಸ್ತೆಯ ಹೊಡೆತವೆಲ್ಲ ನೇರ ಕೈಗೆ ಬರುತ್ತದೆ.

ಅಲೈನ್‌ಮೆಂಟ್ ಇದೆಲ್ಲ ಆದ ಮೇಲೆ. ಪ್ಲೇ ಇರುವ ಗಾಡಿಗೆ ಮಾಡಿದ ಅಲೈನ್‌ಮೆಂಟ್ ಮೊದಲ ಹಂಪ್‌ನಲ್ಲೇ ಹೋಗುತ್ತದೆ. ಕೆಲಸ ಮುಗಿದು ಗಾಡಿ ನೇರ ಓಡುತ್ತಿದ್ದರೂ ಸ್ಟೀರಿಂಗ್ ಸೊಟ್ಟ ನಿಂತಿದ್ದರೆ ಸ್ಟೀರಿಂಗ್ ಚಕ್ರ ಕಿತ್ತು ನೇರ ಕೂರಿಸಲು ಬಿಡಬೇಡಿ. ಹಾಗೆ ಮಾಡಿದರೆ ರ‍್ಯಾಕ್ ಮಧ್ಯ ತಪ್ಪಿ, ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ತಿರುಗುತ್ತದೆ. ಒಂದು ಟೈ ರಾಡನ್ನು ಎಷ್ಟು ಉದ್ದ ಮಾಡುತ್ತಾರೋ ಇನ್ನೊಂದನ್ನು ಅಷ್ಟೇ ಗಿಡ್ಡ ಮಾಡಿ, ಆ ಉದ್ದ ಬದಲಾಗದಂತೆ ಹಿಡಿಯುವ ಎರಡೂ ಚೆಕ್‌ನಟ್ 45 ನ್ಯೂಟನ್ ಮೀಟರ್‌ಗೆ ಬಿಗಿಯಲಿ.