ಧ್ವನಿಪೆಟ್ಟಿಗೆ ತೆಗೆದ ಮೇಲೆ ಯಾವ ವಾಲ್ವ್ ಯಾರಿಗೆ?

ಧ್ವನಿಪೆಟ್ಟಿಗೆ ತೆಗೆದವರಿಗೆ ಮತ್ತೆ ಮಾತು ಬರಲು, ಶ್ವಾಸನಾಳ ಅನ್ನನಾಳಗಳ ನಡುವಿನ ಗೋಡೆಯಲ್ಲಿ ಸಣ್ಣ ದಾರಿ ಮಾಡಿ ಒಮ್ಮುಖದ ಪುಟ್ಟ ವಾಲ್ವ್ ಕೂರಿಸುತ್ತಾರೆ. ಇದರಲ್ಲಿ ಎರಡು ಬಗೆ: ಒಳಗೇ ಉಳಿಯುವುದು, ನಾವೇ ತೆಗೆದು ಹಾಕಿಕೊಳ್ಳುವ ಡಕ್‌ಬಿಲ್. ವಾಲ್ವ್ ಆರಿಸುವವರು ಮೊದಲು ಕೇಳುವುದು ದನಿ ಹೇಗಿರುತ್ತದೆ ಎಂದು. ಕೇಳಬೇಕಾದ್ದು, ಕುಡಿದದ್ದು ಶ್ವಾಸನಾಳಕ್ಕೆ ಸೋರಿದ ದಿನ ನೋಡುವವರು ಯಾರು ಎಂದು. ದನಿಯ ಬಗೆ ಎರಡರಲ್ಲೂ ಒಂದೇ: ಉಸಿರಾಡುವ ಕುತ್ತಿಗೆಯ ರಂಧ್ರವನ್ನು ಬೆರಳಿನಿಂದ ಮುಚ್ಚಿದರೆ ಉಸಿರು ವಾಲ್ವ್ ದಾಟಿ ಅನ್ನನಾಳಕ್ಕೆ ಹೋಗಿ, ಅಲ್ಲಿನ ಗೋಡೆ ಅದುರಿ ಮಾತಾಗುತ್ತದೆ. ಡಕ್‌ಬಿಲ್‌ಗೆ ತುಸು ಹೆಚ್ಚು ಒತ್ತಿ ಊದಬೇಕು, ಅಷ್ಟೆ.

ಪ್ರೊವಾಕ್ಸ್ ವೇಗಾದಂಥವು ಒಳಗೇ ಉಳಿಯುತ್ತವೆ. ಹಾಕುವುದು, ಬದಲಿಸುವುದು ವೈದ್ಯರ ಅಥವಾ ಸ್ಪೀಚ್ ಥೆರಪಿಸ್ಟರ ಕೆಲಸ. ನಮ್ಮ ಪಾಲಿಗೆ ದಿನಕ್ಕೆರಡು ಸಲ ಬ್ರಷ್ ತೂರಿಸಿ ಮೆಲ್ಲಗೆ ತಿರುಗಿಸಿ ತೆಗೆಯುವುದು. ಬ್ಲಾಮ್-ಸಿಂಗರ್ ಡಕ್‌ಬಿಲ್ ಅನ್ನು ನಾವೇ ತೆಗೆದು ತೊಳೆದು ಹಾಕಿಕೊಳ್ಳಬಹುದು. ಅದರ ಪಟ್ಟಿಯನ್ನು ಚರ್ಮಕ್ಕೆ ಟೇಪ್‌ನಿಂದ ಅಂಟಿಸಿರಬೇಕು. ಕನ್ನಡಿ, ಒಳ್ಳೆ ಬೆಳಕು, ನಡುಗದ ಕೈ ಇಲ್ಲದವರಿಗೆ ಇದು ಬೇಡ. ಆಸ್ಪತ್ರೆ ದೂರವಿದ್ದು ಕೈ ಗಟ್ಟಿಯಿದ್ದರೆ ಡಕ್‌ಬಿಲ್ಲೇ ಸರಿ.

ಸೋರಿಕೆಯ ಪರೀಕ್ಷೆ ಸುಲಭ. ಒಂದು ಗುಟುಕು ಹಾಲು ಕುಡಿದು ಟಾರ್ಚ್ ಹಿಡಿದು ನೋಡಿ. ಹಾಲು ವಾಲ್ವ್‌ನ ನಡುವಿನಿಂದ ಜಿನುಗಿದರೆ ಮೊದಲು ಬ್ರಷ್ ಹಾಕಿ. ಆಗಲೂ ನಿಲ್ಲದಿದ್ದರೆ ಸಾಮಾನ್ಯವಾಗಿ ಕ್ಯಾಂಡಿಡಾ ಶಿಲೀಂಧ್ರ ಕೂತು ವಾಲ್ವ್ ಒಳಗಿನ ಪುಟ್ಟ ರೆಕ್ಕೆ ಮುಚ್ಚುತ್ತಿಲ್ಲ, ವಾಲ್ವ್ ಬದಲಿಸಬೇಕು. ಸುತ್ತಲಿನಿಂದ ಬಂದರೆ ಬಹಳ ಸಲ ವಾಲ್ವ್‌ನ ಉದ್ದ ಹೆಚ್ಚಾಗಿ ಅದು ಹಿಂದೆಮುಂದೆ ಆಡುತ್ತಿರುತ್ತದೆ. ಆಪರೇಶನ್ ಬಾವು ಇಳಿದಂತೆ 10 ಮಿ.ಮೀ. ಉದ್ದದ್ದು ಇದ್ದವರಿಗೆ 8, ಮುಂದೆ 6 ಕೂಡ ಸಾಕಾಗಬಹುದು. ಸುತ್ತಲಿನ ಸೋರಿಕೆಗೆಂದು ದಪ್ಪ ವಾಲ್ವ್ ಹಾಕಿಸಿಕೊಂಡರೆ ದಾರಿ ಇನ್ನೂ ಅಗಲವಾಗುತ್ತದೆ. ಇದು ದೊಡ್ಡ ತಪ್ಪು.

ವಾಲ್ವ್ ಕಳಚಿ ಬಿದ್ದರೆ ಒಳದಾರಿ ಕೆಲವೇ ಗಂಟೆಗಳಲ್ಲಿ ಕುಗ್ಗುತ್ತದೆ. ಮೊದಲೇ ಕಲಿತಿದ್ದರೆ 14 ಫ್ರೆಂಚ್ ಅಳತೆಯ ರಬ್ಬರ್ ಕ್ಯಾಥೆಟರ್ (ತೆಳು ಕೊಳವೆ) ಆ ದಾರಿಗೆ ತೂರಿಸಿ ಟೇಪ್ ಹಚ್ಚಿ ಆಸ್ಪತ್ರೆಗೆ ಹೋಗಿ. ಬಿದ್ದ ವಾಲ್ವ್ ಸಿಗದಿದ್ದರೆ ಶ್ವಾಸನಾಳಕ್ಕೆ ಹೋಗಿರಬಹುದು, ತಡಮಾಡಬೇಡಿ.

ಬೆಲೆಯೇ ಅಡ್ಡಿಯಾದರೆ, ಬೆಂಗಳೂರಿನ ಶಸ್ತ್ರವೈದ್ಯ ವಿಶಾಲ್ ರಾವ್ ರೂಪಿಸಿದ ಅಗ್ಗದ ‘ಔಮ್’ ವಾಲ್ವ್ ಬಗ್ಗೆಯೂ ವೈದ್ಯರನ್ನು ಕೇಳಿ.

ವಾಲ್ವ್ ಯಾವುದೇ ಇರಲಿ, ಬಟನ್ ಒತ್ತಿದರೆ ಅದುರಿ ದನಿ ಕೊಡುವ ಕೈಯಲ್ಲಿ ಹಿಡಿಯುವ ಯಂತ್ರ, ಎಲೆಕ್ಟ್ರೋಲಾರಿಂಕ್ಸ್, ಒಂದು ಮನೆಯಲ್ಲಿರಲಿ. ಗಲ್ಲದ ಕೆಳಗೆ ಮೆತ್ತಗಿರುವ ಜಾಗ ಹುಡುಕಿ ಒತ್ತಿ ಹಿಡಿಯಬೇಕು. ರೇಡಿಯೇಶನ್‌ನಿಂದ ಗಡಸಾದ ಕುತ್ತಿಗೆಗೆ ಕೆನ್ನೆ ಅಥವಾ ಬಾಯಿಗಿಡುವ ಕೊಳವೆಯೇ ಗತಿ. ಸದ್ದು ಸದಾ ಇರುವುದರಿಂದ ‘ಕಾಳಿ’ ‘ಗಾಳಿ’ಯಂತೆ, ‘ಹಾಲು’ ‘ಆಲು’ವಿನಂತೆ ಕೇಳುತ್ತದೆ. ತುಟಿ ನಾಲಗೆ ಚೆನ್ನಾಗಿ ಆಡಿಸಿ, ಮಾತು ನಿಂತ ಕೂಡಲೇ ಬಟನ್ ಬಿಡಿ; ಇಲ್ಲದಿದ್ದರೆ ಗುಂಯ್ ಎನ್ನುವ ಸದ್ದು ಕೊನೆಯ ಅಕ್ಷರವನ್ನೇ ನುಂಗುತ್ತದೆ.