ಸಿಂಕ್ ಕಟ್ಟಿಕೊಂಡಿದೆ: ಬಿಸಿನೀರಾ, ಪಂಪಾ, ಪುಡಿಯಾ?

ಬರೀ ವಾಸನೆಯಾ? ಹಾಗಾದರೆ ಮೂರೂ ಬೇಡದಿರಬಹುದು. ಬಳಸದ ಬಚ್ಚಲಿನ ಜಾಲರಿ ಕೆಳಗೆ ವಾಸನೆ ತಡೆಯಲು ನಿಲ್ಲುವ ನೀರು ಒಣಗಿರುತ್ತದೆ. ಒಂದು ಚೊಂಬು ನೀರು ಸುರಿದು ನೋಡಿ.

ಜಿಡ್ಡಿನಿಂದ ನೀರು ನಿಧಾನವಾಗಿ ಇಳಿಯುತ್ತಿದ್ದರೆ ಬಿಸಿನೀರು, ಪಾತ್ರೆ ಸೋಪು ಸಾಕು. ಖರ್ಚೂ ಇಲ್ಲ. ಕುದಿಯುವ ನೀರು ಮಾತ್ರ ಬೇಡ, ಪಿವಿಸಿ ಪೈಪು ಮೆತ್ತಗಾಗುತ್ತದೆ.

ನೀರು ನಿಂತೇಬಿಟ್ಟಿದ್ದರೆ ರಬ್ಬರ್ ಪಂಪು, ಅಂದರೆ ತೂತಿನ ಮೇಲಿಟ್ಟು ಒತ್ತುವ ಹಿಡಿಯಿರುವ ರಬ್ಬರ್ ಬಟ್ಟಲು. ಒಮ್ಮೆ ಕೊಂಡರೆ ವರ್ಷಗಟ್ಟಲೆ ಬರುತ್ತದೆ. ಸಿಂಕಿನ ಬದಿಯಲ್ಲಿ ಇನ್ನೊಂದು ತೂತಿದ್ದರೆ ಒದ್ದೆ ಬಟ್ಟೆ ತುರುಕಿ, ಇಲ್ಲದಿದ್ದರೆ ಗಾಳಿ ಅಲ್ಲೇ ಹೋಗಿ ಸುಮ್ನೆ ಕೈನೋವು. ನಮ್ಮನೆಯಲ್ಲಿ ಮೇಲೆ ಬಂದದ್ದು ಟೀ ಚರಟ ಮತ್ತು ಒಂದು ಹುಣಸೆ ಬೀಜ!

ಪೈಪು ಬಿಡಿಸುವ ಪುಡಿಗೆ (ಡ್ರೈನ್ ಕ್ಲೀನರ್) ಶ್ರಮ ಕಡಿಮೆ, ಅಪಾಯ ಜಾಸ್ತಿ. ಅದರಲ್ಲಿ ಸಾಮಾನ್ಯವಾಗಿ ಇರುವುದು ಕಾಸ್ಟಿಕ್ ಸೋಡಾ. ನೀರು ತಾಗಿದರೆ ಕಾಯುತ್ತದೆ, ಸಿಡಿದರೆ ಕಣ್ಣು ಸುಡುತ್ತದೆ. ಕೂದಲು, ಜಿಡ್ಡಿಗೆ ಸರಿ, ಬೀಜಕ್ಕಲ್ಲ. ಆ್ಯಸಿಡ್ ಜೊತೆ ಬೆರೆಸಲೇಬೇಡಿ. ಪುಡಿ ಹಾಕಿದ ಮೇಲೆ ಪಂಪು ಒತ್ತಲೂಬೇಡಿ.